ಮಿಶ್ರಿಯ ಹೊತ್ತು

ಅವರ ಬಲಗೈಯ ತೋರುಬೆರಳಿನ ತುದಿ ಕಪ್ಪಗಿತ್ತು. ಉಗುರಿನ ಸಂದಿಯಿಂದ ಮೊದಲ ಗೆಣ್ಣಿನವರೆಗೆ ಮಸಿಯಲ್ಲಿ ಅದ್ದಿ ಒರೆಸಿದ ಹಾಗೆ, ಎಷ್ಟು ತೊಳೆದರೂ ಹೋಗದ ಕಪ್ಪು. ಉಳಿದದ್ದೆಲ್ಲ ಚೊಕ್ಕಟ. ಹಣೆಯ ಮೇಲೆ ವಿಭೂತಿ, ನಿರಿಗೆ ಕದಲದ ಇಳಕಲ್ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರು ಬಾಗಿಲು ತೆರೆದಾಗ ನಾನು ಮೊದಲು ನೋಡಿದ್ದು ಆ ಬೆರಳನ್ನೇ. ಅದು ಅವರ ಬಾಯೊಳಗಿತ್ತು.

ನನಗೆ ಬರುತ್ತಿದ್ದಷ್ಟು ಹಿಂದಿಯಲ್ಲಿ, ಮೇಲಿನ ಕೋಣೆ ಬಾಡಿಗೆಗೆ ಇದೆಯೇ ಎಂದು ಕೇಳಿದೆ. ಅವರು ಕೈಸನ್ನೆಯಲ್ಲೇ ನಿಲ್ಲಲು ಹೇಳಿ, ಮೋರಿಯ ಹತ್ತಿರ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದರು.

"ಹಿಂದೀನ ಹಿಂಗ ಮುರೀತಿ ಅಂದ್ರ ನೀ ಕನ್ನಡದಾಕಿನ ಇರಬೇಕು. ಯಾವೂರು?"

"ಮೈಸೂರು, ಆಂಟಿ."

"ಆಂಟಿ ಗೀಂಟಿ ಬ್ಯಾಡ. ದೊಡ್ಡವ್ವ ಅನ್ನು. ನಿಮ್ಮ ಮೈಸೂರಾಗ ಅನ್ನಾಂಗಿಲ್ಲೇನು?"

"ದೊಡ್ಡಮ್ಮ ಅಂತೀವಿ."

"ಅಮ್ಮ ಆದ್ರೇನು, ಅವ್ವ ಆದ್ರೇನು. ಮ್ಯಾಲೆ ಹೋಗಿ ಖೋಲಿ ನೋಡು. ನಳ ಒಂದ ದಿನ ಬಿಟ್ಟು ಒಂದ ದಿನ ಬರತೈತಿ, ಮೊದಲ ಹೇಳಿರತೀನಿ."

ಅಂದಿನಿಂದ ಅವರು ನನಗೆ ದೊಡ್ಡವ್ವ. ಲಿಂಗಸುಗೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವರು. ಗಂಡ ರೈಲ್ವೆಯಲ್ಲಿದ್ದರು, ಆ ಮನೆ ಕಟ್ಟಿಸಿ, ಅದರಲ್ಲಿ ಸ್ವಲ್ಪವೇ ಕಾಲ ಬದುಕಿ ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ಊರಲ್ಲಿ ಒಬ್ಬ ತಮ್ಮ ಇದ್ದ. ಅಷ್ಟೇ ಅವರ ಬಳಗ. ಗಲ್ಲಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಮನೆಯ ಹೊಸಿಲು ದಾಟಿ ಒಳಗೆ ಬಂದ ಮೇಲೆ ಮಾತ್ರ ಕನ್ನಡ. ಆದರೆ ಒಳಗೆ ಕನ್ನಡ ಆಡಲು ಇನ್ನೊಬ್ಬರು ಬೇಕಲ್ಲ. ಹಾಗಾಗಿ ಒಲೆಯ ಜೊತೆ, ನಳದ ಜೊತೆ, ದಿನಾ ತಡವಾಗಿ ಬರುವ ರೈಲುಗಳ ಜೊತೆ ಅವರು ಗಟ್ಟಿಯಾಗಿ ಮಾತಾಡುತ್ತಿದ್ದರು. ಸ್ಟೇಷನ್ನಿನಿಂದ ಘೋಷಣೆ ಕೇಳಿಬಂದರೆ, "ಹೂಂ, ಬಾ ಬಾ, ಇವತ್ತರ ಬಂದ್ಯಲ್ಲ" ಅನ್ನುವರು. ಮೊದಮೊದಲು ಮನೆಗೆ ಯಾರೋ ನೆಂಟರು ಬಂದಿದ್ದಾರೆಂದು ನಾನು ಮೋಸಹೋಗುತ್ತಿದ್ದೆ.

ಕಂಪ್ಯೂಟರ್ ಎಂಬ ಹೆಸರು ಹೇಳಿದರೆ ಹೈದರಾಬಾದಿನಲ್ಲಿ ಕೆಲಸ ಸಿಗುತ್ತದೆಂದು ಎಲ್ಲರೂ ನಂಬಿದ್ದ ಕಾಲ ಅದು. ನನಗೆ ಪ್ರೋಗ್ರಾಮ್ ಬರೆಯಲು ಬರುತ್ತಿರಲಿಲ್ಲ. ಟೈಪಿಂಗ್ ಬರುತ್ತಿತ್ತು, ಇಂಗ್ಲಿಷ್ ಕಿವಿಗೆ ಹತ್ತುತ್ತಿತ್ತು. ಅದಕ್ಕೂ ಒಂದು ಕೆಲಸ ಇತ್ತು: ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿಚಾರ ಫೋನಿನಲ್ಲಿ ಹೇಳಿ ಇಡುವುದು, ನಾವು ಇಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪ್ ಮಾಡಿ ಕಳಿಸುವುದು. ಯಾರದೋ ಮೂತ್ರಪಿಂಡ, ಯಾರದೋ ಮಂಡಿ, ಯಾರದೋ ಮುರಿದ ಮನಸ್ಸು. 'ರೋಗಿ ತಂಬಾಕು ಬಳಸುವುದಿಲ್ಲವೆಂದು ಹೇಳುತ್ತಾರೆ' ಎಂಬ ಸಾಲನ್ನಂತೂ ದಿನಕ್ಕೆ ಎಷ್ಟು ಸಲ ಹೊಡೆಯುತ್ತಿದ್ದೆನೋ, ಬೆರಳುಗಳೇ ಅದನ್ನು ಕಲಿತುಬಿಟ್ಟಿದ್ದವು. ಮಧ್ಯಾಹ್ನ ಹೋದರೆ ರಾತ್ರಿ ಊಟದ ಹೊತ್ತು ಮೀರಿ ಬರುತ್ತಿದ್ದೆ. ಇಡೀ ದಿನ ಕಿವಿಯ ತುಂಬ ಮಾತು, ಅದರಲ್ಲಿ ಒಂದೂ ನನಗಾಗಿ ಆಡಿದ್ದಲ್ಲ. ಆ ಊರಿನಲ್ಲಿ ನನಗೆ ಬಹಳ ಒಂಟಿ ಅನ್ನಿಸುತ್ತಿತ್ತು. ಅದನ್ನು ಮನೆಗೆ ಫೋನ್ ಮಾಡಿದಾಗ ಹೇಳುತ್ತಿರಲಿಲ್ಲ, ಹೇಳಿದರೆ ಬಂದುಬಿಡು ಅನ್ನುತ್ತಿದ್ದರು.

ದೊಡ್ಡವ್ವ ಮಾತ್ರ ಕೇಳದೆಯೇ ಕಂಡುಕೊಂಡರು. ಒಂದು ದಿನ ನನ್ನ ಬಾಗಿಲಿನ ಚಿಲಕಕ್ಕೆ ಬಟ್ಟೆಯ ಗಂಟು ನೇತುಹಾಕಿದ್ದರು. ಒಳಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ. ಬೆಳಿಗ್ಗೆ ಹೋಗಿ ಥ್ಯಾಂಕ್ಸ್ ಹೇಳಿದರೆ, "ಥ್ಯಾಂಕ್ಸ್ ಅಂತ ಹೇಳಾಕ ನಾ ಏನ್ ಹೋಟೆಲ್ ಇಟ್ಟೀನೇನು?" ಎಂದು ಸಿಡುಕಿದರು. ಅವರ ಪ್ರೀತಿ ಹೀಗೆ ಬೈಗುಳದ ದಾರಿಯಲ್ಲೇ ಬರುತ್ತಿತ್ತು.

ದಿನದಲ್ಲಿ ಎರಡು ಹೊತ್ತು ಅವರದು ಮಿಶ್ರಿಯ ಹೊತ್ತು. ಬೆಳಿಗ್ಗೆ ಎದ್ದ ಕೂಡಲೇ ಒಂದು, ಸಂಜೆ ದೀಪ ಹಚ್ಚಿದ ಮೇಲೆ ಒಂದು. ಸಣ್ಣ ತಗಡಿನ ಡಬ್ಬಿಯಿಂದ ಕರಿಯ ಪುಡಿಯನ್ನು ಎಡ ಅಂಗೈಗೆ ಹಾಕಿಕೊಂಡು, ಬೀದಿಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು, ತೋರುಬೆರಳಿನಿಂದ ಹಲ್ಲಿಗೂ ಒಸಡಿಗೂ ನಿಧಾನವಾಗಿ ಹಚ್ಚುತ್ತಿದ್ದರು. ಬೆಳಗಿನದು ಬೇಗ ಮುಗಿಯುತ್ತಿತ್ತು. ನನ್ನ ರಜೆಯ ದಿನಗಳಲ್ಲಿ ನೋಡಿದಂತೆ, ಸಂಜೆಯದು ಅರ್ಧ ಗಂಟೆಯಾದರೂ ಆಗುತ್ತಿತ್ತು. ಆಗ ಯಾರಾದರೂ ಮಾತಾಡಿಸಿದರೆ ಗದ್ದ ಮೇಲೆತ್ತಿ, ಬಾಯಿ ತುಂಬಿದೆ ಎಂದು ಕಣ್ಣಿನಲ್ಲೇ ಹೇಳುತ್ತಿದ್ದರು. ನಮ್ಮ ಅಜ್ಜಿ ಸುಟ್ಟ ಭತ್ತದ ಹೊಟ್ಟಿಗೆ ಉಪ್ಪು ಬೆರೆಸಿ ಹಲ್ಲುಜ್ಜುತ್ತಿದ್ದರು. ಇದೂ ಅಂಥದೇ ಇರಬೇಕೆಂದು ನಾನು ತಿಳಿದಿದ್ದೆ. ಏನದು ಎಂದು ಒಮ್ಮೆ ಕೇಳಿದ್ದಕ್ಕೆ, "ಹಲ್ಲಿನ ಪುಡಿ" ಎಂದಿದ್ದರು. ನಾನು ಹೆಚ್ಚು ವಿಚಾರಿಸಲಿಲ್ಲ.

ಹಿಂದೆ ಆ ಕಟ್ಟೆಯ ಮೇಲೆ ನಾಲ್ಕು ಜನ ಕೂರುತ್ತಿದ್ದರಂತೆ. ಎಲ್ಲ ದೊಡ್ಡವ್ವನ ಊರ ಕಡೆಯಿಂದ ಬಂದ ಹೆಂಗಸರೇ. ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಚಿಟಿಕೆ ತೆಗೆದುಕೊಂಡು, ಸೊಸೆ, ಅತ್ತೆ, ನಳದ ನೀರು, ಊರಿನ ಮಳೆ, ಎಲ್ಲವನ್ನೂ ಹಲ್ಲಿನ ಜೊತೆಗೇ ತಿಕ್ಕಿ ಮುಗಿಸುತ್ತಿದ್ದರು. ಬಾಯಿ ತುಂಬಿದಾಗ ನಾಲ್ವರೂ ಸುಮ್ಮನೆ ಕೂರುವುದು, ಉಗುಳಿ ಬಂದವರು ಮಾತು ಮುಂದುವರಿಸುವುದು. ಒಬ್ಬಾಕೆ ತೀರಿಕೊಂಡರು. ಒಬ್ಬಾಕೆ ರಾಯಚೂರಿಗೆ ಮಗಳ ಮನೆಗೆ ಹೋದರು. ಕೊನೆಯ ಗೆಳತಿ, ನಾನು ಬಂದ ಮರುವರ್ಷ, ಮಗನ ಜೊತೆ ಊರಾಚೆಯ ಶಂಶಾಬಾದಿನ ಹೊಸ ಮನೆಗೆ ಹೋದರು. ಹೋಗುವ ದಿನ ಇಬ್ಬರೂ ಕಟ್ಟೆಯ ಮೇಲೆ ಕೂತು ಮಿಶ್ರಿ ಹಚ್ಚಿದರು. ಆಟೋ ಬಂದಾಗಲೂ ಬಾಯಿ ತುಂಬಿಯೇ ಇತ್ತು, ಹಾಗಾಗಿ ಹೋಗಿಬರ್ತೀನಿ ಅನ್ನುವ ಮಾತೂ ಆಗಲಿಲ್ಲ. ಅಂದಿನಿಂದ ದೊಡ್ಡವ್ವ ಒಬ್ಬರೇ ಕೂರುತ್ತಿದ್ದರು.

ಅವರಿಗೆ ಇನ್ನೊಂದು ಚಟ ಇತ್ತು, ಜಿಗಿಯುವುದು. ಮೆಟ್ಟಿಲಿದ್ದರೆ ಕೊನೆಯದನ್ನು ಬಿಟ್ಟು ಹಾರುವುದು, ಕಟ್ಟೆಯಿಂದ ಬೀದಿಗೆ ಧುಮುಕುವುದು. ಅರವತ್ತರ ಹತ್ತಿರ ಬಂದ ಹೆಂಗಸು ಹೀಗೆ ಮಾಡಿದರೆ ನೋಡುವವರ ಎದೆ ಝಲ್ಲೆನ್ನುತ್ತಿತ್ತು. "ಇಳೀತಾ ಕುಂತ್ರ ಹೊತ್ತು ಹೊಂಡತೈತಿ" ಅನ್ನುವರು. ಆ ಮನೆಯಲ್ಲಿ ಅಷ್ಟು ಅವಸರದ ಕೆಲಸ ಏನಿತ್ತೋ ನನಗೆ ಕೊನೆಗೂ ತಿಳಿಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನೀರು ಬಂದಿದೆಯೇ ಎಂದು ನೋಡಲು ತಾರಸಿಯ ಮೇಲಿನ ಟ್ಯಾಂಕಿನ ಕಟ್ಟೆ ಹತ್ತಿದವರು, ಕಬ್ಬಿಣದ ಏಣಿಯನ್ನು ನೆಚ್ಚದೆ ಮೇಲಿನಿಂದ ಹಾರಿದರು. ನನ್ನ ಕೋಣೆಗೆ ಧೊಪ್ಪೆಂಬ ಸದ್ದು ಕೇಳಿಸಿತು. ಹೋಗಿ ನೋಡಿದರೆ ಬಲಗಾಲನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. "ಏನಾಗಿಲ್ಲ, ಹಿಮ್ಮಡ ಸ್ವಲ್ಪ ಉಳುಕೇತಿ" ಎಂದರು. ಮುಖ ಬಿಳಿಚಿತ್ತು. ಮಧ್ಯಾಹ್ನದ ಹೊತ್ತಿಗೆ ಪಾದ ಊದಿ ಬೆರಳುಗಳೇ ಕಾಣದಂತಾಯಿತು. ಹತ್ತಿರದ ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಹಿಮ್ಮಡಿಯ ಮೂಳೆ ಮೊಟ್ಟೆಯ ಚಿಪ್ಪಿನ ಹಾಗೆ ಒಡೆದಿದೆ, ಪ್ಲೇಟು ಹಾಕಿ ಜೋಡಿಸಬೇಕು ಎಂದರು.

ಆದರೆ ಊತ ಇಳಿಯುವವರೆಗೆ ಕತ್ತರಿಸುವಂತಿರಲಿಲ್ಲ. ಪಾದದ ಚರ್ಮದ ಮೇಲೆ ಸುಕ್ಕು ಕಾಣಿಸಿಕೊಳ್ಳಬೇಕು, ಆಮೇಲೆಯೇ ಆಪರೇಷನ್ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ದೊಡ್ಡವ್ವ ಮಲಗಿದಲ್ಲಿಂದಲೇ, "ಮಾರಿ ಮ್ಯಾಲೆ ಇಷ್ಟ ಸುಕ್ಕು ಅದಾವಲ್ಲ, ಅವು ಸಾಲಂಗಿಲ್ಲೇನು ಕೇಳು" ಎಂದರು. ನಾನು ಕೇಳಲಿಲ್ಲ. ಆದರೆ ನಗು ತಡೆಯಲಾಗದೆ ವರಾಂಡಕ್ಕೆ ಹೋದೆ, ಅಲ್ಲಿ ಅಳುವೂ ಬಂತು.

ಆಪರೇಷನ್ನಿಗೆ ಮುಂಚೆ ಡಾಕ್ಟರು ಎಲ್ಲ ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ? ಇಲ್ಲ. ಬಿ.ಪಿ.? ಇಲ್ಲ. ಸಿಗರೇಟು, ಬೀಡಿ ಸೇದುತ್ತೀರಾ? ದೊಡ್ಡವ್ವ ಕೆರಳಿ ತಮ್ಮ ಹೈದರಾಬಾದಿ ಹಿಂದಿಯಲ್ಲಿ, "ಹಮಾರೆ ಘರ್ ಮೇ ಮರ್ದಾಂ ಭೀ ನೈ ಪೀತೆ" ಎಂದರು. ನಮ್ಮ ಮನೆಯಲ್ಲಿ ಗಂಡಸರೂ ಸೇದುವವರಲ್ಲ ಎಂದು. ಗುಟ್ಕಾ, ಜರ್ದಾ ತಿನ್ನುತ್ತೀರಾ? "ಥೂ" ಎಂದರು. ಡಾಕ್ಟರು ಕ್ಷಮೆ ಕೇಳುವ ದನಿಯಲ್ಲಿ, ಕೇಳಲೇಬೇಕಾದ ಪ್ರಶ್ನೆ ಅಮ್ಮಾ ಎಂದು ಹೇಳಿ, ಇಲ್ಲವೆಂದು ಬರೆದುಕೊಂಡರು.

ಆಪರೇಷನ್ ಚೆನ್ನಾಗಿಯೇ ಆಯಿತು. ಪಾದದ ಹೊರಮೈಯಲ್ಲಿ ಮೇಲಿನಿಂದ ಇಳಿದು ಹಿಮ್ಮಡಿಯ ಹತ್ತಿರ ಬೆರಳುಗಳ ಕಡೆಗೆ ತಿರುಗುವ ಗಾಯ, ಸಾಲಾಗಿ ಹೊಲಿಗೆ. ಮನೆಗೆ ಬಂದ ಮೇಲೆ ಕೆಳಗಿನ ಕೋಣೆಯಲ್ಲಿ ಮಂಚ ಹಾಕಿ, ಕಾಲನ್ನು ದಿಂಬಿನ ಮೇಲಿಟ್ಟು ಮಲಗಿಸಿದೆ. ಆ ಕಾಲನ್ನು ನೆಲಕ್ಕೆ ಊರುವಂತಿರಲಿಲ್ಲ. ಹೊಲಿಗೆ ತೆಗೆಯುವ ದಿನ ನೋಡಿದರೆ ಗಾಯ ತಿರುಗುವ ಆ ಮೂಲೆಯಲ್ಲಿ ಚರ್ಮ ಕಪ್ಪಗಾಗಿತ್ತು. ಆಮೇಲೆ ಆ ಕಪ್ಪು ಉದುರಿ, ಅಂಚು ಬಿಟ್ಟುಕೊಂಡು, ನೀರಿನಂಥದು ಜಿನುಗತೊಡಗಿತು. ವಾರಗಳು ಕಳೆದರೂ ಅದು ಮುಚ್ಚಲಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗು, ಮಾತ್ರೆ ಬದಲು, ರಕ್ತಪರೀಕ್ಷೆ. ಸಕ್ಕರೆ ಇಲ್ಲ, ರಕ್ತ ಕಡಿಮೆಯಿಲ್ಲ. ಮೂಳೆ ಕೂಡುತ್ತಿದೆ, ಚರ್ಮ ಮಾತ್ರ ಕೂಡುವುದಿಲ್ಲ ಅನ್ನುತ್ತಿದೆ ಎಂದು ಡಾಕ್ಟರು ತಲೆ ಕೆರೆದುಕೊಂಡರು. ಹೀಗೇ ಇದ್ದರೆ ಕೀವು ಮೂಳೆಗೆ ಇಳಿಯುತ್ತದೆ, ಪ್ಲೇಟು ತೆಗೆಯಬೇಕಾದೀತು, ಅದಕ್ಕೂ ಬಗ್ಗದಿದ್ದರೆ ಪಾದದ ಮೇಲೆ ಆಸೆ ಇಡುವಂತಿಲ್ಲ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಗಲ್ಲಿಯ ಹೆಂಗಸರು ತಮ್ಮ ತಮ್ಮ ವೈದ್ಯ ತಂದರು. ಬದನೆಕಾಯಿ ನಂಜು, ಶೇಂಗಾ ನಂಜು, ಹುಣಸೆಹುಳಿ, ತೊಗರಿಬೇಳೆ, ಮೊಸರು ಎಲ್ಲವೂ ನಂಜು, ತಿಂದರೆ ಕೀವಾಗುತ್ತದೆ. ಡಾಕ್ಟರು ಬೇಳೆ ತಿನ್ನಿ, ಹಾಲು ಕುಡಿಯಿರಿ ಎಂದರೆ, ದೊಡ್ಡವ್ವ ಬೇಳೆ ಬಿಟ್ಟರು, ಶೇಂಗಾಚಟ್ನಿ ಬಿಟ್ಟರು, ತಮ್ಮ ಪ್ರಾಣವೇ ಆಗಿದ್ದ ಎಣ್ಣೆಗಾಯಿ ಬಿಟ್ಟರು. ಬರೀ ಗಂಜಿ, ಉಪ್ಪು. ಪಥ್ಯದ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ನೋಡಿಲ್ಲ. ಮೈ ಇಳಿಯಿತು. ದಿನವೂ ಎರಡು ಹೊತ್ತು ಹಾಸಿಗೆಯ ಪಕ್ಕದಲ್ಲಿ ಬೋಗುಣಿ ಇಟ್ಟುಕೊಂಡು ಮಿಶ್ರಿ ಹಚ್ಚುವುದು ಮಾತ್ರ ತಪ್ಪಲಿಲ್ಲ. ಹಲ್ಲುಜ್ಜುವುದಕ್ಕೆ ಯಾವ ಪಥ್ಯ?

ಊರಿನಿಂದ ತಮ್ಮ ಬಂದ. ಒಳ್ಳೆಯ ಮನುಷ್ಯ, ಕಡಿಮೆ ಮಾತು. ಎರಡು ದಿನ ಮಂಚದ ಕಾಲಬದಿಯಲ್ಲಿ ಕೂತು, "ಅಕ್ಕಾ, ಮನೀ ಕೊಟ್ಟು ನಡೀ. ಹಿಂಗ ಒಬ್ಬಾಕಿನ ಎಷ್ಟ ದಿನ ಇರತಿ" ಎಂದ. ಗಾಯ ವಾಸಿಯಾಗದಿದ್ದರೆ ಹಬ್ಬ ಕಳೆದ ಮೇಲೆ ಕರೆದುಕೊಂಡು ಹೋಗುವುದೆಂದು ಮಾತಾಯಿತು. ಅವನು ಹೋದ ಮೇಲೆ ದೊಡ್ಡವ್ವ ಗೋಡೆಯ ಕಡೆ ತಿರುಗಿ ಮಲಗಿ, "ಅಲ್ಲಿಗೆ ಹ್ವಾದ್ರ ನಾ ಅಕ್ಕ ಅಲ್ಲ, ಅತ್ತಿ ಅಲ್ಲ. ಒಂದ ಕೆಟ್ಟ ಕಾಲು ಆಗಿ ಮೂಲ್ಯಾಗ ಬಿದ್ದಿರತೀನಿ" ಎಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಒಂದಿಷ್ಟು ಗಾಯ ಮುಚ್ಚಿದರೆ ಅವರ ಮನೆ ಅವರದು. ಮುಚ್ಚದಿದ್ದರೆ ಬೀಗ.

ಒಂದು ಬೆಳಿಗ್ಗೆ ಡ್ರೆಸ್ಸಿಂಗಿಗೆ ಹೊರಡಲು ನಾನು ಕೆಳಗಿಳಿದು ಬಂದರೆ ಮನೆಯ ತುಂಬ ಹೊಗೆ. ಕಣ್ಣು ಉರಿ, ಗಂಟಲು ಕೆರೆತ. ದೊಡ್ಡವ್ವ ನೆಲಕ್ಕೆ ಕೂತು, ಪಟ್ಟಿ ಕಟ್ಟಿದ ಕಾಲನ್ನು ಮಣೆಯ ಮೇಲೆ ಚಾಚಿ, ಸೀಮೆಎಣ್ಣೆ ಸ್ಟೌವಿನ ಮೇಲೆ ಹೆಂಚಿಟ್ಟು ಏನೋ ಹುರಿಯುತ್ತಿದ್ದರು. ಒಣ ಎಲೆಗಳು, ಕಪ್ಪಾಗುವವರೆಗೆ.

"ಏನು ದೊಡ್ಡವ್ವ ಇದು! ಉಸಿರು ಕಟ್ಟುತ್ತೆ."

"ಮಿಶ್ರಿ ಮುಗದೈತಿ. ನೀ ಡ್ಯೂಟಿಗೆ ಹ್ವಾದಾಗ ಹುರೀತಿದ್ದೆ, ಇವತ್ತ ಅಲ್ಲೀತನಕ ತಡಿಯಾಕ ಆಗಲಿಲ್ಲ. ಕಿಟಕಿ ತೆಗಿ."

ಕಿಟಕಿ ತೆರೆದೆ, ಕೆಮ್ಮಿದೆ, ಅವರು ಆರಿದ ಎಲೆಯನ್ನು ಪುಡಿ ಮಾಡಿ ಡಬ್ಬಿಗೆ ತುಂಬುವವರೆಗೆ ಬೀದಿಯಲ್ಲಿ ನಿಂತೆ. ಆಮೇಲೆ ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಪಟ್ಟಿ ಬಿಚ್ಚಲು ಬಗ್ಗಿದ ಡಾಕ್ಟರು ತಲೆಯೆತ್ತಿ ಮೂಗು ಅರಳಿಸಿದರು. ನನ್ನ ದುಪಟ್ಟಾದ ಕಡೆ ನೋಡಿ, ಮನೆಯಲ್ಲಿ ಯಾರು ಸೇದುತ್ತೀರಿ, ನೀವಾ ಎಂದರು.

ನನಗೆ ನಗು ಬಂತು. "ಅಯ್ಯೋ ಇಲ್ಲ ಡಾಕ್ಟರ್. ಇವರು ಹಲ್ಲುಪುಡಿ ಹುರಿಯುತ್ತಿದ್ದರು. ಮಿಶ್ರಿ ಅಂತ."

"ಯಾವುದರಿಂದ ಮಾಡುತ್ತಾರೆ?"

"ಅದು..." ಎಂದವಳು ಅಲ್ಲೇ ನಿಂತೆ. ಹೆಂಚಿನ ಮೇಲಿನ ಎಲೆ ಕಣ್ಣಮುಂದೆ ಬಂತು. ಅಂಥ ಎಲೆಯನ್ನು ನಾನು ಹುಣಸೂರಿನ ರಸ್ತೆಬದಿಯಲ್ಲಿ ಚಿಕ್ಕಂದಿನಿಂದ ನೋಡಿದ್ದೆ, ಬಿದಿರಿನ ಕೋಲಿಗೆ ಸಾಲಾಗಿ ನೇತುಹಾಕಿ ಒಣಗಿಸುತ್ತಿದ್ದರು. ಹೊಗೆಸೊಪ್ಪು. ದೊಡ್ಡವ್ವನ ಕಡೆ ತಿರುಗಿ, "ಇದು ತಂಬಾಕಾ?" ಎಂದೆ.

"ಹೌದ ಮತ್ತ. ತಂಬಾಕ ಹುರದ್ರ ಮಿಶ್ರಿ."

ಡಾಕ್ಟರು ಕುರ್ಚಿಯ ಮೇಲೆ ಕೂತುಬಿಟ್ಟರು. ನಾನು ಕೇಳಿದ್ದೆನಲ್ಲ ಎಂದರು. ದೊಡ್ಡವ್ವ ಬಿಡಲಿಲ್ಲ. "ಸೇದತೀರೇನು ಅಂತ ಕೇಳಿದ್ರಿ. ತಿಂತೀರೇನು ಅಂತ ಕೇಳಿದ್ರಿ. ಹಲ್ಲು ಯಾತರಲೆ ತಿಕ್ಕತೀರಿ ಅಂತ ಯಾರ ಕೇಳಿದ್ರು?" ಎಂದು ಸಿಟ್ಟಿನಲ್ಲಿ ಕನ್ನಡದಲ್ಲೇ ಕೇಳಿ, ಅದನ್ನು ನನ್ನಿಂದ ಹೇಳಿಸಿದರು. ಅದರಲ್ಲಿ ಸುಳ್ಳಿರಲಿಲ್ಲ. ಅವರ ಕಡೆ ಯಾವ ಹೆಂಗಸೂ ಮಿಶ್ರಿಯನ್ನು ತಂಬಾಕಿನ ಚಟ ಎಂದು ಎಣಿಸುವುದಿಲ್ಲ. ತಂಬಾಕು ಗಂಡಸರದು, ಮಿಶ್ರಿ ಮುಖ ತೊಳೆಯುವುದರ ಭಾಗ.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಹಿಮ್ಮಡಿಯ ಹೊರಬದಿಯ ಚರ್ಮ ತೆಳು, ಅಲ್ಲಿಗೆ ರಕ್ತ ಹೋಗುವುದೇ ಕಡಿಮೆ. ತಂಬಾಕು ಒಸಡಿನಿಂದ ರಕ್ತಕ್ಕೆ ಸೇರಿ ಸಣ್ಣ ನಾಳಗಳನ್ನು ಬಿಗಿಯುತ್ತದೆ. ಸೇದಿದರೂ ಒಂದೇ, ತಿಕ್ಕಿದರೂ ಒಂದೇ. ಇದನ್ನು ಬಿಟ್ಟರೆ ಗಾಯ ಕೂಡುತ್ತದೆಂದು ನಾನು ಮಾತು ಕೊಡಲಾರೆ, ಬಿಡದಿದ್ದರೆ ಕೂಡುವುದು ಕಷ್ಟ. ಬೇಳೆ, ಮೊಸರು ಶುರುಮಾಡಿ, ಮಿಶ್ರಿ ಬಿಡಿ.

ಮನೆಗೆ ಬಂದ ಮೇಲೆ ದೊಡ್ಡವ್ವ ಸಿಟ್ಟಾದರು. ಬಾಯಿ ಎಲ್ಲಿ, ಹಿಮ್ಮಡ ಎಲ್ಲಿ, ಆ ಹುಡುಗ ಡಾಕ್ಟರಿಗೆ ಏನು ತಿಳಿಯುತ್ತದೆ, ನಮ್ಮವ್ವ ಸಾಯುವವರೆಗೆ ಹಚ್ಚಿದಳು. ಅಂದು ನಾನು ಡ್ಯೂಟಿಗೆ ರಜೆ ಹಾಕಿದ್ದೆ. ಸಂಜೆ ದೀಪ ಹಚ್ಚಿ ನಾನು ಡಬ್ಬಿ ಕೇಳಿದೆ. ಕೊಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಿದ್ದರು.

"ತಂಗಿ, ಎಣ್ಣೆಗಾಯಿ ಬಿಡು ಅಂದ್ರು, ಬಿಟ್ಟೆ. ಇದು ಹಂಗಲ್ಲ. ಸಂಜಿಮುಂದ ಇದನ್ನ ಹಚ್ಚಿಕೊಂಡು ಕುಂತ್ರ, ಏನೋ ಕೆಲಸ ಮಾಡಾಕತ್ತೀನಿ ಅನಸತೈತಿ. ಹೋಗಾವ್ರು ಬರಾವ್ರು, ಪಾಪ ಮಿಶ್ರಿ ಹಚ್ಚಾಕತ್ತಾಳ ಅಂತ ಹೋಗತಾರ. ಇದಿಲ್ಲದ ಬರಿಗೈಲೆ ಕುಂತ್ರ, ಪಾಪ ಒಬ್ಬಾಕಿನ ಕುಂತಾಳ ಅಂತಾರ."

ನನ್ನ ಕೋಣೆಯಲ್ಲಿ ನಾನು ಯಾವುದೇ ಕಾರ್ಯಕ್ರಮ ನೋಡದೆ ಸುಮ್ಮನೆ ಓಡಿಸುತ್ತಿದ್ದ ಸಣ್ಣ ಟಿ.ವಿ. ನೆನಪಿಗೆ ಬಂತು. "ಸಂಜೆ ನಾನು ಕೂತ್ಕೋತೀನಿ ದೊಡ್ಡವ್ವ" ಎಂದೆ.

"ನೀ ಎಲ್ಲಿ ಕುಂದ್ರತಿ? ನಿನಗ ಡ್ಯೂಟಿ ಐತಿ."

"ಬೆಳಗಿನ ಶಿಫ್ಟು ಕೇಳ್ತೀನಿ."

ಅವರು ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ, ತಾವೇ ತೆರೆದು ಮಂಚದ ಪಕ್ಕದ ಬೋಗುಣಿಗೆ ಸುರಿದರು. ಆ ಬೆಳಿಗ್ಗೆಯಷ್ಟೇ ಹುರಿದ ಮಿಶ್ರಿ.

ಬೆಳಗಿನ ಶಿಫ್ಟು ಸಿಕ್ಕಿತು. ಮೊದಲ ದಿನಗಳು ಮಾತ್ರ ಯಾರಿಗೂ ಬೇಡ. ದೊಡ್ಡವ್ವನಿಗೆ ತಲೆ ಸಿಡಿತ, ಕೈ ನಡುಕ, ಹೊಟ್ಟೆ ಕಟ್ಟಿತು. ನಾನು ಮಾಡಿದ ಸಾರಿಗೆ ಹೆಸರಿಟ್ಟರು, ನನ್ನ ಮೈಸೂರಿಗೆ ಹೆಸರಿಟ್ಟರು, ಒಂದು ದಿನ ಲೋಟ ಎಸೆದರು. ಬಾಯಿಗೆ ಬದಲಿ ಇರಲಿ ಎಂದು ಲವಂಗ ಕೊಟ್ಟರೆ, "ಬಾಯಿ ದೇವರ ಖೋಲಿ ಆದಂಗ ಆಗೈತಿ" ಎಂದು ಉಗುಳಿದರು. ಹಠಕ್ಕೆ ಬಿದ್ದವಳಂತೆ ನಾನು ದಿನವೂ ಸಂಜೆ ಅವರನ್ನು ಕುರ್ಚಿಯ ಸಮೇತ ಬಾಗಿಲಿಗೆ ಎಳೆದು, ಕಾಲಿಗೆ ಸ್ಟೂಲು ಕೊಟ್ಟು, ಪಕ್ಕದ ಕಟ್ಟೆಯ ಮೇಲೆ ಕೂರುತ್ತಿದ್ದೆ.

ಮಾತೇನೂ ಹೆಚ್ಚು ಇರಲಿಲ್ಲ. ಹಗಲೆಲ್ಲ ಕಿವಿಗೆ ಬಿದ್ದ ಮಾತಿನಿಂದ ನನಗೆ ದಣಿವಾಗಿರುತ್ತಿತ್ತು, ಮಿಶ್ರಿಯಿಲ್ಲದ ಬಾಯಿಯನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ರೈಲು ಬರುತ್ತಿತ್ತು, ಹೋಗುತ್ತಿತ್ತು. ಒಮ್ಮೆ ಅವರ ಗಂಡ ಮನೆ ಕಟ್ಟಿಸುವಾಗ ಈ ಕಟ್ಟೆಯನ್ನು ಮಾತ್ರ ಅಗಲ ಮಾಡಿಸಿದರೆಂದು ಹೇಳಿದರು. "ನಾಲ್ಕ ಮಂದಿ ಕುಂದ್ರಂಗ ಇರಲಿ ಅಂದಿದ್ದೆ." ಮತ್ತೊಂದು ದಿನ ನಾನು ಆಫೀಸಿನಲ್ಲಿ ಏನು ಬರೆಯುತ್ತೇನೆಂದು ಕೇಳಿದರು. ಅಮೆರಿಕದ ಯಾವನೋ ಮುದುಕನ ಸೊಂಟದ ವಿಚಾರ ಹೇಳಿದೆ. "ಅವಗ ಯಾರ ಅದಾರ ಮನ್ಯಾಗ?" ಎಂದರು. ಅದು ಟೇಪಿನಲ್ಲಿ ಇರುವುದಿಲ್ಲ ಎಂದೆ. "ಅದನ್ನ ಮೊದಲ ಕೇಳಬೇಕು" ಎಂದರು. ಅವನ ಸೊಂಟ ಏನಾಯಿತೆಂದು ಆಮೇಲೆ ನಾಲ್ಕಾರು ದಿನ ವಿಚಾರಿಸುತ್ತಿದ್ದರು.

ಗಾಯ ಕೆಳಗಿನಿಂದ ತುಂಬತೊಡಗಿತು. ಮೊದಲು ಜಿನುಗುವುದು ನಿಂತಿತು. ತಳದಲ್ಲಿ ಕೆಂಪು ಮಾಂಸ ಕಾಣಿಸಿತು. ಡಾಕ್ಟರು ಅದನ್ನು ನೋಡಿ ಖುಷಿಯಾಗಿ ನರ್ಸನ್ನು ಕರೆದು ತೋರಿಸಿದರು. ಅಂಚುಗಳು ದಿನಕ್ಕಿಷ್ಟು ಒಳಗೆ ಸರಿದವು. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಒಂದು ಹೊಳೆಯುವ ತೆಳು ಚರ್ಮ ಬಂದಿತ್ತು. ದೊಡ್ಡವ್ವ ವಾಕರು ಹಿಡಿದು ಮೊದಲ ಸಲ ಬಲಗಾಲು ಊರಿದಾಗ, "ನೆಲ ಇನ್ನಾ ಇಲ್ಲೇ ಐತಲ್ಲ" ಎಂದರು. ತಮ್ಮನಿಗೆ ಫೋನ್ ಮಾಡಿಸಿ, ಬರುವುದಿಲ್ಲ ಎಂದು ಹೇಳಿಸಿದರು. ಫೋನ್ ಇಟ್ಟ ಮೇಲೆ ಅವರ ಮುಖ ನೋಡಬೇಕಿತ್ತು. ಅಂದು ರಾತ್ರಿ ಎಣ್ಣೆಗಾಯಿ ಆಯಿತು.

ಅವರು ಕುಂಟುವುದು ಹೋಗಲಿಲ್ಲ, ಜಿಗಿಯುವುದು ನಿಂತಿತು. ಆದರೂ ಕೋಲೂರಿಕೊಂಡು ತಾವೇ ತರಕಾರಿ ತರುತ್ತಿದ್ದರು, ನಳದ ನೀರು ತುಂಬುತ್ತಿದ್ದರು. ಆಮೇಲೂ ಎರಡು ವರ್ಷ ಸಂಜೆಗಳು ಹಾಗೆಯೇ ಸಾಗಿದವು. ನನಗೆ ಆ ಊರಿನಲ್ಲಿ ಅದೊಂದೇ ನನ್ನದು ಎನ್ನುವ ಹೊತ್ತಾಗಿತ್ತು. ಆಫೀಸಿನಲ್ಲಿ ಯಾರಾದರೂ ಸಿನಿಮಾಕ್ಕೆ ಕರೆದರೆ ಮನೆಯಲ್ಲಿ ಕಾಯ್ತಾರೆ ಎನ್ನುತ್ತಿದ್ದೆ. ಹಾಗೆ ಹೇಳುವುದೇ ಒಂದು ಸುಖವಾಗಿತ್ತು.

ಆಮೇಲೆ ಕಂಪನಿ ನಮ್ಮ ವಿಭಾಗವನ್ನು ಮುಚ್ಚಿತು. ಮೈಸೂರಿನ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಅಪ್ಪನಿಗೂ ಆರೋಗ್ಯ ಸರಿಯಿರಲಿಲ್ಲ, ಹೊರಟೆ. ದೊಡ್ಡವ್ವ ಕೋಲೂರಿಕೊಂಡು ಸ್ಟೇಷನ್ನಿಗೆ ಬಂದರು. ನನ್ನ ಸೀಟಿನ ಎದುರಿಗಿದ್ದ ಹೆಂಗಸಿಗೆ, "ನಮ್ಮ ಹುಡುಗಿ ಐತ್ರಿ, ಸ್ವಲ್ಪ ನೋಡ್ಕೋರಿ" ಎಂದು ಕಿಟಕಿಯಿಂದಲೇ ಹೇಳಿದರು. ನನಗಾಗ ಮೂವತ್ತು ದಾಟಿತ್ತು. ರೈಲು ಹೊರಟಾಗ ಅವರು ಕೈ ಬೀಸಲಿಲ್ಲ, ಕೋಲು ಬಿಟ್ಟರೆ ಬೀಳುತ್ತಿದ್ದರು.

ಮೈಸೂರಿನಿಂದ ನಾನು ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದೆ. ಕಾಲು ಹೇಗಿದೆ ಎಂದರೆ "ಕಾಲಿನಂಗ ಐತಿ" ಎನ್ನುವರು. ಮಿಶ್ರಿ ಮುಟ್ಟಿಲ್ಲ ತಾನೇ ಎಂದರೆ, "ಅದನ್ಯಾಕ ಮುಟ್ಟಲಿ? ನಿನ್ನ ಕೈಲೆ ಬೈಸಿಗೊಳ್ಳಾಕೇನು?" ಎಂದು ನಗುವರು. ಸಂಜೆ ಏನು ಮಾಡ್ತೀರಿ ಎಂದು ಕೇಳಿದರೆ, ಮೇಲೆ ಹೊಸ ಬಾಡಿಗೆಯವರು ಬಂದಿದ್ದಾರೆ, ಗಂಡ ಹೆಂಡತಿ, ಒಳ್ಳೆಯವರು, ಕಟ್ಟೆಗೆ ಬಂದು ಕೂರುತ್ತಾರೆ ಎನ್ನುವರು. ನನಗೆ ಸಮಾಧಾನವಾಗುತ್ತಿತ್ತು. ಸುಳ್ಳು ಹೇಳುವುದೇಕೆ, ಆ ಗಂಡ ಹೆಂಡತಿಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು. ಹೀಗೆ ಆರೇಳು ವರ್ಷ ನಡೆಯಿತು.

ಅವರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದು ಶಂಶಾಬಾದಿಗೆ ಹೋಗಿದ್ದ ಅವರ ಗೆಳತಿ. ನಿದ್ದೆಯಲ್ಲೇ ಹೃದಯ ನಿಂತಿತ್ತಂತೆ. ಕಾಲಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆ ಗಾಯ ಮತ್ತೆಂದೂ ಬಾಯಿ ಬಿಡಲಿಲ್ಲ, ಅವರು ತಮ್ಮ ಮನೆಯಲ್ಲೇ ಕೊನೆಯವರೆಗೂ ಇದ್ದರು. ನಾನು ಅಳುತ್ತಾ, ಸದ್ಯ ಮೇಲಿನ ಮನೆಯವರಾದರೂ ಜೊತೆಗಿದ್ದರಲ್ಲ, ಸಂಜೆ ಕೂತ್ಕೋತಿದ್ರಂತೆ ಎಂದೆ.

"ಮ್ಯಾಲಿನ ಮನಿ ನೀವು ಹ್ವಾದಮ್ಯಾಲೆ ಖಾಲೀನ ಇತ್ರೀ. ಆಕಿ ಯಾರಿಗೂ ಕೊಡಲಿಲ್ಲ."

"ಮತ್ತೆ ಸಂಜೆ?"

"ನೀವು ಗಾಡಿ ಹತ್ತಿದ ದಿನಾನ ಸಂಜಿಮುಂದ ತಂಬಾಕ ಹುರದಾಳ. ಆವತ್ತಿಂದ ಮತ್ತ ಮಿಶ್ರೀನ ಆಕಿ ಜೋಡಿ. ನಾ ಬೈದೆ. ಕಾಲು ಕೂಡೇತಲ್ಲ, ಇನ್ನ ಯಾರಿಗೆ ತ್ರಾಸು ಅಂದ್ಲು. ಆ ಹುಡುಗಿಗೆ ಮಾತ್ರ ಹೇಳಬ್ಯಾಡ, ಮ್ಯಾಲೆ ಮಂದಿ ಅದಾರ ಅಂತನ ತಿಳಕೊಂಡಿರ್ಲಿ, ಇಲ್ಲಂದ್ರ ಅಲ್ಲಿ ಕುಂತು ನನ್ನ ಚಿಂತಿ ಮಾಡತಾಳ ಅಂದಿದ್ಲು."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅಪ್ಪ ಹೋಗಿ ಆಗಲೇ ಎರಡು ವರ್ಷವಾಗಿತ್ತು, ನಾನು ಮದುವೆಯಾಗಿರಲಿಲ್ಲ. ಸಂಜೆ ಯಾರ ಜೊತೆ ಕಳೆಯುತ್ತೀ ಎಂದು ಅವರು ಕೇಳಿದಾಗಲೆಲ್ಲ ನಾನೂ, ಇಲ್ಲಿ ಸ್ನೇಹಿತರು ಬರ್ತಾರೆ ದೊಡ್ಡವ್ವ, ಮನೆ ತುಂಬಿರುತ್ತೆ ಎಂದೇ ಹೇಳುತ್ತಿದ್ದೆ. ಅವರೂ ಅದನ್ನು ಕೇಳಿ ಸಮಾಧಾನದಿಂದ ಫೋನ್ ಇಡುತ್ತಿದ್ದರು.